ಮಂಜಿನೊಳಗೆ ಕೇಳಿದ ಹೆಸರು

ಬಿ.ಎ. ಮುಗಿದ ಮೇಲೆ ನಾನು ಜೋಯಿಡಾ ಕಡೆಯ ಹಿನ್ನೀರಿನ ನಡುಗಡ್ಡೆಯಲ್ಲಿ, ಅತ್ತೆಯ ಮನೆಯಲ್ಲಿದ್ದೆ. ಸಂಜೆ ದಡದಲ್ಲಿ ಕೂತು, ಬಂದುಹೋಗುವ ದೋಣಿಗಳನ್ನು ನೋಡುವುದು ನನಗಿಷ್ಟ. ಮಂಜು ಕವಿದ ದಿನ ಅಲ್ಲೊಂದು ರೂಢಿಯಿದೆ. ದೋಣಿಯಲ್ಲಿದ್ದವರು ಹೆಸರು ಹೇಳಬೇಕು, ದಡದಲ್ಲಿದ್ದವರು ‘ಬಾ’ ಎನ್ನಬೇಕು, ಆಮೇಲೆಯೇ ಇಳಿಯುವುದು.

ಅವತ್ತು ದಡದಲ್ಲಿ ನಾನೊಬ್ಬಳೇ ಇದ್ದೆ. ಮಂಜಿನೊಳಗೆ ದೋಣಿಯ ಎಂಜಿನ್ ನಿಂತಿತು. ದೋಣಿಯಲ್ಲಿದ್ದ ನೆರೆಮನೆಯಾಕೆ ತನ್ನ ಹೆಸರು ಕೂಗಿದಳು.

“ಗೋಪಿಬಾಯಿ! ಲಗೂನ ಬಾ ಅನ್ನವಾ, ನೀರಾಗ ಸಂಸಾರ ಹೂಡ್ಲೇನು?”

“ಬರ್ರಿ,” ಎಂದೆ.

ಅವಳ ಹಿಂದೆಯೇ ಇನ್ನೊಂದು ಮೆಲ್ಲನೆಯ, ನಾಚಿದ ದನಿ ಬಂತು: “ತುಳಜಾ.”

ಅದು ನನ್ನ ಹೆಸರು. ರೂಢಿಯಂತೆ ಬಾಯಿಂದ “ಬಾ” ಬಂದೇಬಿಟ್ಟಿತು. ದೋಣಿಯಿಂದ ಇಳಿಯಲು ಹಾಕಿದ್ದ ಹಲಗೆ ಅಲುಗಿತು. ಪಕ್ಕದಲ್ಲೇ ತಣ್ಣನೆಯ ಗಾಳಿ ದಾಟಿಹೋಯಿತು. ಇಳಿದವಳು ಗೋಪಿಬಾಯಿ ಒಬ್ಬಳೇ.

ದೋಣಿ ನಡೆಸುವ ಭೋಜಪ್ಪ ಮಾಮಾ ಹಗ್ಗ ಹಿಡಿದು ನಿಂತುಬಿಟ್ಟ. “ಯಾರಿಗಂದಿ ಬಾ ಅಂತ? ದೋಣ್ಯಾಗ ಮತ್ತ್ಯಾರೂ ಇಲ್ಲ. ಮನೀಗ ಓಡು, ನಿನಗಿಂತ ಮೊದಲ ಯಾರೂ ಹೊಸ್ತಿಲ ದಾಟಬಾರ್ದು.”

ಓಡಿದೆ. ಅತ್ತೆ ಚಹಾದ ಕಪ್ಪು ತೊಳೆಯುತ್ತಿದ್ದಳು.

“ಈಗರ ಚಾ ಕುಡ್ದು ಒಳಗ ಹೋದ್ಯಲ್ಲ, ಮತ್ತ ಹೊರಗ ಯಾವಾಗ ಹೋಗಿದ್ದಿ?”

ನನ್ನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.