ಸೋಮವಾರದ ಬಾಟಲಿಗಳು

ಮೇಷ್ಟ್ರಿಗೆ ಬಡ್ತಿ ತಪ್ಪಿದ್ದು ಇದು ಮೂರನೇ ಸಲ. ಹತ್ತೊಂಬತ್ತು ವರ್ಷ ಪ್ರಯೋಗಾಲಯದಲ್ಲಿ ಕೂತು ನೀರಿನ ರಸಾಯನಶಾಸ್ತ್ರವನ್ನು ಅರೆದು ಕುಡಿದ ಅವರನ್ನು ಬಿಟ್ಟು, ವಿಶ್ವವಿದ್ಯಾಲಯದ ಹಿಂದಿನ ಬೀದಿಯಲ್ಲಿ ಎರಡು ಸಲ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡ ಕಿರಿಯನೊಬ್ಬನನ್ನು ಪ್ರಾಧ್ಯಾಪಕನನ್ನಾಗಿ ಮಾಡಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಕುಲಪತಿಗಳು ನಕ್ಕರು. "ಎಲ್ಲಾ ಸರಿ, ನಿಮ್ಮ ಕೆಲಸದಲ್ಲಿ ಸಮುದಾಯ ಎಲ್ಲಿದೆ ಹೇಳಿ?"

ಆ ನಗು ಮೇಷ್ಟ್ರ ಮೈಯೆಲ್ಲ ಉರಿಸಿತು. ಸಮುದಾಯ ತಾನೇ ಬೇಕು? ಹೊಟ್ಟೆ ತುಂಬ ಕೊಡೋಣ ಎಂದುಕೊಂಡರು.

ವಿಶ್ವವಿದ್ಯಾಲಯದ ಹಿಂದೆ ಒಂದು ಹಳ್ಳ, ಹಳ್ಳದಾಚೆ ಒಂದು ಬೀದಿ. ಅಲ್ಲಿ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಬೀದಿ ಅವಳ ಮಾತು ಕೇಳುತ್ತಿತ್ತು. ಮೇಷ್ಟ್ರು ಅವಳನ್ನೇ ಹಿಡಿದರು. ಬೀದಿಯ ಹೆಂಗಸರು ಪ್ರತಿ ಸೋಮವಾರ ಹಳ್ಳದ ನೀರನ್ನು ಹನ್ನೆರಡು ಬಾಟಲಿಗಳಲ್ಲಿ ತುಂಬಿ, ದಿನಾಂಕ ಬರೆದು ತಂದುಕೊಡಬೇಕು, ವಿಶ್ವವಿದ್ಯಾಲಯ ಪರೀಕ್ಷಿಸುತ್ತದೆ, ಕೊನೆಗೆ ಬೀದಿಗೆ ಶುದ್ಧ ನೀರಿನ ಘಟಕ ಬರುತ್ತದೆ.

"ಒಂದೇ ಒಂದು ಸೋಮವಾರ ತಪ್ಪಿದ್ರೂ ಘಟಕ ಕೈಬಿಟ್ಟು ಹೋಗುತ್ತೆ ನೋಡಮ್ಮಾ" ಎಂದು ಬೆರಳೆತ್ತಿ ಎಚ್ಚರಿಸಿದ್ದರು.

"ಸತ್ತರೂ ತಪ್ಪಿಸಲ್ಲ ಮೇಷ್ಟ್ರೇ" ಎಂದಿದ್ದಳು ಅಕ್ಕ.

ಮೊದಲ ತಿಂಗಳು ನಿಜವಾಗಿಯೂ ಪರೀಕ್ಷಿಸಿದರು. ಹಳ್ಳದಲ್ಲಿ ಕೆಸರಿತ್ತು, ವಿಷವಿರಲಿಲ್ಲ. ವಿಷವಿಲ್ಲದ ಹಳ್ಳಕ್ಕೆ ಯಾರು ಸಂಶೋಧನಾ ಕೇಂದ್ರ ಕಟ್ಟಿಸುತ್ತಾರೆ? ಸತ್ಯವನ್ನು ಹತ್ತೊಂಬತ್ತು ವರ್ಷ ಸಾಕಿದ್ದಾಯಿತು, ಅದು ಒಂದು ಕುರ್ಚಿಯನ್ನೂ ಕೊಡಿಸಲಿಲ್ಲ. ಅಂದಿನಿಂದ ಅದಕ್ಕೆ ಎಳ್ಳುನೀರು ಬಿಟ್ಟರು.

ಅವರ ಸುಳ್ಳು ಸೋಮಾರಿಯ ಸುಳ್ಳಲ್ಲ. ನೀರಿನಲ್ಲಿ ಸೀಸದ ಪ್ರಮಾಣ ಏರಬೇಕು, ಆದರೆ ಒಂದೇ ಸಮ ಏರಬಾರದು. ಬೇಸಿಗೆಯಲ್ಲಿ ಹೆಚ್ಚು, ಮಳೆಗಾಲದಲ್ಲಿ ತುಸು ಇಳಿತ. ವಾರಕ್ಕೊಂದು ಬಾಟಲಿ ಉಳಿದವುಗಳೊಂದಿಗೆ ಹೊಂದದಂತೆಯೂ ನೋಡಿಕೊಂಡರು. ನಿಜವಾದ ಪರೀಕ್ಷೆಯಲ್ಲಿ ಹಾಗೇ ಆಗುವುದು. ಅಂಕಿಗಳನ್ನು ಬೇರೆ ಬೇರೆ ದಿನ ಬರೆದರು. ಬಾಟಲಿಯ ನೀರನ್ನು ಕಿಟಕಿಯ ಹೂಕುಂಡಗಳಿಗೆ ಸುರಿದು, ಬಾಟಲಿ ತೊಳೆದು ವಾಪಸು ಕೊಟ್ಟರು. ಸಾಕ್ಷಿಯೂ ಉಳಿಯಲಿಲ್ಲ, ಗಿಡಗಳೂ ಸೊಂಪಾಗಿ ಬೆಳೆದವು.

ಹಳ್ಳದ ಕಡೆ ಅವರು ಮತ್ತೆ ತಲೆ ಹಾಕಲಿಲ್ಲ. ತಲೆ ಹಾಕುವ ಅಗತ್ಯವೇನಿತ್ತು? ಬೀದಿಯವರು ಅವರ ಅಂಕಿಗಳಿಗೆ ಹೆದರಿ ಹಳ್ಳದ ಪಕ್ಕದ ಬಾವಿಯನ್ನು ಮುಚ್ಚಿ, ಒಂದು ಮೈಲಿ ದೂರದಿಂದ ನೀರು ಹೊರತೊಡಗಿದ್ದು ತಿಳಿದಾಗ ಮಾತ್ರ ಒಂದು ಕ್ಷಣ ಕಸಿವಿಸಿಯಾಯಿತು. ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡರು. ಈ ನಡುವೆ ಸುರಕ್ಷತಾ ಸಮಿತಿಯ ಸಭೆಯಲ್ಲಿ ಹಳ್ಳವನ್ನೂ ಒಳಗೆ ಸೇರಿಸಿಕೊಂಡು ಹಿಂಬದಿಗೆ, ಬೀದಿಯ ಅಂಚಿಗೆ ಗೋಡೆ ಕಟ್ಟುವ ವಿಷಯ ಬಂತು. ಮೊದಲು ಕೈಯೆತ್ತಿದವರು ಮೇಷ್ಟ್ರೇ. ಕಂಡಕಂಡವರು ಒಳಗೆ ನುಗ್ಗುವುದು ಅವರಿಗೆ ಆಗಿಬರುತ್ತಿರಲಿಲ್ಲ.

ಮೂರನೇ ವರ್ಷಕ್ಕೆ ವರದಿ ಸಿದ್ಧವಾಯಿತು. ಕೊನೆಯ ವರ್ಷದ ಅಂಕಿಗಳಂತೂ ಓದಿದವರ ಎದೆ ನಡುಗಿಸುವಂತಿದ್ದವು. ಕೇಂದ್ರ ಮಂಜೂರಾಯಿತು, ನಿರ್ದೇಶಕರ ಕುರ್ಚಿಯೂ ಖಾತ್ರಿಯಾಯಿತು. ಬಿಡುಗಡೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಕಿರಿಯ ಪ್ರಾಧ್ಯಾಪಕ ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ವರದಿಯ ಪುಟ ತಿರುವುತ್ತಿದ್ದ. ಅದನ್ನು ನೋಡಿಯೇ ಮೇಷ್ಟ್ರಿಗೆ ಅರ್ಧ ಹೊಟ್ಟೆ ತುಂಬಿತು. ತಾವೇ ಇಸ್ತ್ರಿ ಅಕ್ಕನನ್ನು ಕೈಹಿಡಿದು ವೇದಿಕೆಗೆ ಹತ್ತಿಸಿದರು. ಸಮುದಾಯ ಎಲ್ಲಿದೆ ಎಂದು ಕೇಳಿದವರು ಕಣ್ತುಂಬ ನೋಡಲಿ.

ಕುಲಪತಿಗಳು ನೀರಿನ ಗ್ಲಾಸು ಕೈಗೆತ್ತಿಕೊಳ್ಳುತ್ತಾ ಅಕ್ಕನ ಕಡೆ ಬಾಗಿದರು. "ಪ್ರತಿ ವಾರ ಹಳ್ಳದಿಂದ ಹೊತ್ತು ತರೋದು ಕಷ್ಟ ಆಗ್ಲಿಲ್ವೇನಮ್ಮಾ?" ಅಕ್ಕ ಮೈಕಿನಲ್ಲಿ ಸಂಕೋಚದಿಂದಲೇ ಹೇಳಿದಳು: "ಮೊದಲು ಕಷ್ಟ ಆಗ್ತಿತ್ತು ಸ್ವಾಮಿ. ಹೋದ ವರ್ಷ ನೀವು ಗೋಡೆ ಕಟ್ಟಿದ ಮೇಲೆ ಹಳ್ಳಕ್ಕೆ ದಾರೀನೇ ಇಲ್ಲ, ಒಳಗಿಂದ ಇಳಿಯಕ್ಕೆ ಕಾವಲಿನವ್ರು ಬಿಡಲ್ಲ. ಸೋಮವಾರ ತಪ್ಪಿದ್ರೆ ಘಟಕ ಹೋಗುತ್ತೆ ಅಂದಿದ್ರಲ್ಲ ಮೇಷ್ಟ್ರು? ಅದಕ್ಕೆ ಅವತ್ತಿಂದ ಇಲ್ಲೇ, ಇವರ ಆಫೀಸಿನ ಮೆಟ್ಟಿಲ ಕೆಳಗಿರೋ ಕುಡಿಯೋ ನೀರಿನ ನಲ್ಲೀಲಿ ತುಂಬಿಸಿ ಕೊಡ್ತಾ ಇದೀವಿ. ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ." ಕುಲಪತಿಗಳು ಬಾಯಿವರೆಗೆ ಒಯ್ದಿದ್ದ, ಅದೇ ನಲ್ಲಿಯ ನೀರಿನ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟು ಮೇಷ್ಟ್ರ ಕಡೆ ತಿರುಗಿದರು. "ಹಾಗಾದ್ರೆ ಕೊನೇ ವರ್ಷದ ಈ ವಿಷ ನಾವು ಕುಡಿಯೋ ನೀರಲ್ಲಿದೆಯಾ ಮೇಷ್ಟ್ರೇ?" ಹೌದು ಎನ್ನಲು ಮೇಷ್ಟ್ರು ಬಾಯಿ ತೆರೆದರು, ಅಷ್ಟರಲ್ಲಿ ಕಿರಿಯ ಪ್ರಾಧ್ಯಾಪಕ ಮೂಲೆಯಿಂದ ಎದ್ದು, ಆ ಗ್ಲಾಸನ್ನು ಎತ್ತಿಕೊಂಡು ಪ್ರಯೋಗಾಲಯದ ಕಡೆ ಹೊರಟಿದ್ದ.