ಬಾಗಿಲಾಚೆಯ ಉಸಿರು

ಮೊಮ್ಮಗಳು ಚಿನ್ಮಯಿ ತೀರಿಕೊಂಡಳೆಂದು ತುಮಕೂರಿನ ಆಸ್ಪತ್ರೆಯಿಂದ ಮಗ ಫೋನ್ ಮಾಡಿದ ಮಧ್ಯಾಹ್ನ, ಅಮೃತೂರಿನ ಮನೆಯಲ್ಲಿ ನಾನೂ ನನ್ನಾಕೆ ಕಲ್ಲಮ್ಮನೂ ಇದ್ದೆವು. ಹಿಂದೆ ನ್ಯುಮೋನಿಯಾ ಬಂದಾಗ ಉಸಿರಾಟಕ್ಕೆ ಹಾಕಿದ್ದ ಪೈಪಿನಿಂದ ಗಂಟಲೊಳಗೆ ಗಾಯವಾಗಿ, ದಾರಿ ಕಿರಿದಾಗಿ, ಮಗು ಸಿಳ್ಳೆಯಂತೆ ಉಸಿರೆಳೆಯುತ್ತಿತ್ತು. ಆ ಸದ್ದು ಕೇಳುತ್ತಿದ್ದರೆ ಮಾತ್ರ ನಮಗೆ ನಿದ್ದೆ ಬರುತ್ತಿತ್ತು.

ಫೋನ್ ಇಟ್ಟೊಡನೆ ಅದೇ ಉಸಿರು ಬಾಗಿಲಾಚೆ ಕೇಳಿಸಿತು.

"ಬಾಗ್ಲು ತೆಗೀರಿ, ಮಗು ಬಂದೈತೆ," ಎಂದಳು ಕಲ್ಲಮ್ಮ.

ನಾನು ಚಿಲಕ ಹಾಕಿದೆ.

"ಎತ್ತಾಡ್ಸಿದ ಕೂಸಿಗೆ ಹೆದರ್ತೀರಲ್ಲ, ವಿಭೂತಿ ಬೇರೆ ಬಳ್ಕೊಂಡಿದೀರಿ! ನಾಚ್ಕೆ ಆಗಲ್ವಾ?"

ನಾಚಿಕೆಯಾಯಿತು. ಆದರೂ ಕೈ ಚಿಲಕ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಉಸಿರು ನಿಂತಿತು.

ಸಂಜೆ ಮಗುವನ್ನು ತಂದಾಗ ಬಾಗಿಲು ತೆರೆದೆ. ಹೊರಮೈಯಲ್ಲಿ, ಮಗುವಿನ ಬಾಯಿಯೆತ್ತರಕ್ಕೆ, ಮರ ಒದ್ದೆಯಾಗಿ ಬೆಚ್ಚಗಿತ್ತು. ಆ ಅಂಗೈಯಗಲ ಜಾಗ ಇಂದಿಗೂ ಒಣಗಿಲ್ಲ.

ಶಿವನೇ, ನನ್ನದು ಹಾಗಿರಲಿ, ಆ ಮಗುವಿಗೆ ಶಾಂತಿ ಕೊಡು.