ಮಹಜರಿಗೆ ಐದು ಸಹಿ

ಅರ್ಜಿಯ ಮೊದಲ ಪದ ಓದಿದ ಕೂಡಲೇ ಜಯಕುಮಾರನ ಮುಖ ಅರಳಿತು. ‘ಮರುಮದುವೆ’ ಎಂದಿತ್ತು ಅಲ್ಲಿ.

ಮೇಜಿನ ಈಚೆ ನಿಂತಿದ್ದ ಪ್ರಮೋದಾ ಆ ಮುಖವನ್ನು ನೋಡಿದಳು. ನೋಡಬಾರದಿತ್ತು ಅನ್ನಿಸಿತು. ಅವನ ಕಣ್ಣು ಮುಂದಕ್ಕೆ ಸರಿಯಿತು. ‘ಮರುಮದುವೆ ಆಗಿಲ್ಲವೆಂದು ದೃಢೀಕರಣ ಪತ್ರ ಕೋರಿ.’ ಅರಳಿದ್ದು ನಿಧಾನವಾಗಿ ಮಡಚಿಕೊಂಡಿತು.

“ಇದು ಯಾತಕ್ಕೆ ಮೇಡಂ?”

“ಚೆನ್ನೈನ ಆರ್ಮಿ ಅಕಾಡೆಮಿಗೆ ಸರ್. ಆಫೀಸರ್ ಟ್ರೈನಿಂಗಿಗೆ. ಸೈನಿಕರ ವಿಧವೆಯರಿಗೆ ಅಂತ ಬೇರೆ ಸೀಟಿದೆ. ಮತ್ತೆ ಮದುವೆ ಆಗಿರಬಾರದು ಅಷ್ಟೆ.”

“ಎಷ್ಟು ಸೀಟು?”

“ಒಂದೋ ಎರಡೋ.”

“ಇಡೀ ದೇಶಕ್ಕಾ?”

“ಹೂಂ.”

ಅವನು ನಗಲು ನೋಡಿದ. “ಅದಕ್ಕೇನಾ ದ್ರಾಕ್ಷಿ ತೋಟದಲ್ಲಿ ಓಡ್ತಿದ್ದಿದ್ದು? ನಾನು ನಾಯಿ ಅಟ್ಟಿಸ್ಕೊಂಡು ಬಂದಿದೆ ಅಂದ್ಕೊಂಡಿದ್ದೆ.”

“ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರುತ್ತೆ ಸರ್. ನಾಡಿದ್ದು ಕೊನೇ ದಿನ.”

ಅವನು ಕುಂದಾಣದ ನಾಡಕಚೇರಿಗೆ ಸೇರಿದ ಗ್ರಾಮ ಆಡಳಿತಾಧಿಕಾರಿ. ಊರವರಿಗೆ ವಿಎ ಸಾಹೇಬರು. ಮೂರು ವರ್ಷದ ಹಿಂದೆ ಗಂಡ ನಂದೀಶನ ಸೇನಾ ವಾಹನ ಬೆಟ್ಟದ ದಾರಿಯಲ್ಲಿ ಉರುಳಿದ ಮೇಲೆ ವಂಶವೃಕ್ಷ, ಖಾತೆ ಬದಲಾವಣೆ, ಪಿಂಚಣಿಯ ಕಾಗದ, ಎಲ್ಲವನ್ನೂ ಬರೆದವನು ಇವನೇ. ಅವಳ ಬದುಕಿನ ಬಗ್ಗೆ ಕಾಗದದ ಮೇಲೆ ಇದ್ದದ್ದೆಲ್ಲ ಇವನ ಅಕ್ಷರದಲ್ಲೇ ಇತ್ತು.

ಎರಡು ತಿಂಗಳ ಹಿಂದೆ ಬೆಳೆ ಸಮೀಕ್ಷೆಗೆಂದು ತೋಟಕ್ಕೆ ಬಂದವನು ಚಪ್ಪರದ ಕೆಳಗೆ ಅವಳು ಓಡುವುದನ್ನು ಕಂಡಿದ್ದ. ತಗ್ಗು ಚಪ್ಪರ. ತಲೆ ಬಗ್ಗಿಸಿಯೇ ಓಡಬೇಕು. ಆದರೆ ಅಲ್ಲಿ ಯಾರಿಗೂ ಕಾಣುವುದಿಲ್ಲ. ಅವಳ ಜಡೆಗೆ ಅಂಟಿದ್ದ ಎಲೆಯನ್ನು ಅವನು ತೆಗೆಯಲು ಹೋಗಿ, ಕೈ ಹಿಂದಕ್ಕೆ ಎಳೆದುಕೊಂಡು, “ಅಲ್ಲೊಂದು ಎಲೆ ಇದೆ” ಎಂದು ಬೆರಳು ತೋರಿಸಿದ್ದ. ಆಮೇಲೆ ಅದೇ ಉಸಿರಿನಲ್ಲಿ, “ನನ್ನನ್ನ ಮದುವೆ ಆಗ್ತೀರಾ? ಉತ್ತರ ಈಗ್ಲೇ ಬೇಡ” ಎಂದಿದ್ದ.

ಎಲೆಯನ್ನು ಅವಳೇ ತೆಗೆದುಕೊಂಡಿದ್ದಳು. ಉತ್ತರ ಇನ್ನೂ ಬಾಕಿ ಇತ್ತು.

“ನಾಳೆ ಬೆಳಗ್ಗೆ ಮಹಜರು ಇಟ್ಕೊಳ್ತೀನಿ,” ಎಂದ ಈಗ, ತಲೆ ಎತ್ತದೆ. “ಊರವರು ನಾಲ್ಕು ಜನ, ಮನೆಯವರು ಒಬ್ಬರು. ಐದು ಸಹಿ ಬೇಕು.”

“ಮನೆಯವರು ಅಂದ್ರೆ?”

“ನಿಮ್ಮ ಅತ್ತೆ.”

ಅತ್ತೆಗೆ ಅವಳಿನ್ನೂ ಏನೂ ಹೇಳಿರಲಿಲ್ಲ.

ಆ ಮನೆಯಲ್ಲಿ ಯಾರೂ ಅವಳಿಗೆ ಗದರಿದವರಲ್ಲ. ಅದೇ ಕಷ್ಟವಾಗಿತ್ತು. ಅತ್ತೆ ಮುನಿಲಕ್ಷ್ಮಮ್ಮ ಬಿಸಿ ರೊಟ್ಟಿಯನ್ನು ಮೊದಲು ಅವಳ ತಟ್ಟೆಗೇ ಹಾಕುತ್ತಿದ್ದಳು. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂದರೆ ಶಾಲೆಯವರು, ಸಂಘದವರು ಅವಳನ್ನು ಕರೆದೊಯ್ದು ನಂದೀಶನ ಫೋಟೋದ ಪಕ್ಕ ಕೂರಿಸಿ ಶಾಲು ಹೊದಿಸುತ್ತಿದ್ದರು. ಟ್ರಂಕಿನಲ್ಲಿ ಹದಿನಾಲ್ಕು ಶಾಲುಗಳಿದ್ದವು. ಬಸ್ಸಿನಲ್ಲಿ ಎದ್ದು ಸೀಟು ಬಿಡುತ್ತಿದ್ದರು. ಅವಳು ಜೋರಾಗಿ ನಕ್ಕರೆ ಮಾತ್ರ ಸುತ್ತಲಿನವರು ತಟ್ಟನೆ ತಿರುಗಿ ನೋಡುತ್ತಿದ್ದರು. ತಾನು ಎಂಜಿನಿಯರಿಂಗ್ ಓದಿದವಳು ಎಂಬುದು ಅವಳಿಗೇ ಮರೆತು ಹೋಗುವಂತಿತ್ತು.

ಸಂಜೆ ಒಲೆಯ ಮುಂದೆ ಕೂತು ಹೇಳಿದಳು. ಮುನಿಲಕ್ಷ್ಮಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

“ಬ್ಯಾಡ ಕಣಮ್ಮ.”

“ಅತ್ತೆ, ಒಂದು ಸಲ ಕೇಳಿ—”

“ಒಬ್ಬನ್ನ ಕಳ್ಸಿದೀನಿ ಅಲ್ಲಿಗೆ. ಸಾಕು.”

ರಜೆಗೆ ಬಂದಾಗಲೆಲ್ಲ ನಂದೀಶ ಮನೆಯವರೆಲ್ಲರ ಚಪ್ಪಲಿಗಳಿಗೂ ಪಾಲಿಶ್ ಹಚ್ಚಿ ಬಾಗಿಲಲ್ಲಿ ಸಾಲಾಗಿ ಇಡುತ್ತಿದ್ದ. ಆ ಜಾಗವನ್ನು ಅತ್ತೆ ಇವತ್ತಿಗೂ ಖಾಲಿ ಬಿಟ್ಟಿದ್ದಳು. ಅದನ್ನು ದಾಟಿಕೊಂಡೇ ಪ್ರಮೋದಾ ದಿನವೂ ಹೊರಗೆ ಹೋಗಬೇಕಿತ್ತು.

ಮರುದಿನ ಜಗಲಿಯ ಮೇಲೆ ಚಾಪೆ ಹಾಸಿತ್ತು. ಪಕ್ಕದ ಮನೆಯ ಹಿರಿಯ ಚಿಕ್ಕವೆಂಕಟಪ್ಪ ಕನ್ನಡಕ ಹುಡುಕಿ ಸಹಿ ಹಾಕಿದರು. ಇನ್ನಿಬ್ಬರು ಹಾಕಿದರು. ಎದುರು ಮನೆಯ ಅಶ್ವತ್ಥಮ್ಮ ಪೆನ್ನು ಹಿಡಿದು ಕೂತಳು.

“ಮದ್ವೆ ಆಗಿಲ್ಲ ಅಂತ ನಾವ್ ಹೆಂಗ್ ಹೇಳಾದು ಸಾ? ನಿಮ್ ಬೈಕು ಈ ಬೀದೀಲಿ ನಿಲ್ದಿರೋ ವಾರ ಯಾವ್ದೈತೆ ಹೇಳಿ. ನೀವೇ ಬರ್ಕೊಳಿ. ನಿಮಗ್ ಗೊತ್ತಿರ್ತದೆ.”

ಯಾರೋ ಕಿಸಕ್ಕೆಂದರು. ಪ್ರಮೋದಾ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಒಳಗೆ ಹೋಗಲಾರಳು, ಹೊರಗೆ ಬರಲಾರಳು.

ಜಯಕುಮಾರ ಫೈಲನ್ನು ಪಕ್ಕಕ್ಕಿಟ್ಟ. ಅವನ ಕಿವಿ ಕೆಂಪಾಗಿತ್ತು. ದನಿ ಮಾತ್ರ ಕಚೇರಿಯದೇ.

“ನಾನು ಕೇಳಿದ್ದು ನಿಜ. ನನ್ನ ಮದುವೆ ಆಗ್ತೀರಾ ಅಂತ ಎರಡು ತಿಂಗಳ ಹಿಂದೆ ನಾನೇ ಕೇಳ್ದೆ. ಅವರು ಏನೂ ಹೇಳಿಲ್ಲ. ತಪ್ಪಿದ್ರೆ ನಂದು. ಅದನ್ನೂ ಬರ್ಕೊಳ್ಬೇಕಾ, ಬರ್ಕೊಳ್ತೀನಿ.”



ಒಳಗಿನಿಂದ ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಸೊಸೆಯನ್ನು ದಾಟಿ ನೇರವಾಗಿ ಅಶ್ವತ್ಥಮ್ಮನ ಮುಂದೆ ನಿಂತಳು.

“ಏನಂದೆ? ಇನ್ನೊಂದ್ ಸಲ ಅನ್ನು.”

“ನಾನೇನಂದೆ ಅಕ್ಕಾ, ಊರೆಲ್ಲಾ ಅಂತದೆ…”

“ನನ್ ಸೊಸೆ ಮದ್ವೆ ಆಗೋದಾದ್ರೆ ಇದೇ ಬಾಗ್ಲಲ್ಲಿ ಚಪ್ಪರ ಹಾಕ್ಸಿ, ನಿನ್ ಕೈಲೇ ಆರತಿ ಎತ್ತಿಸ್ಕೊಂಡು ಆಗ್ತಾಳೆ. ಕದ್ದು ಆಗೋ ಹೆಣ್ಣಲ್ಲ ಅವ್ಳು. ಹಾಕು ಸೈನು. ಕೊಡಪ್ಪಾ ಆ ಪ್ಯಾಡು ಇಲ್ಲಿ!”

ಅಶ್ವತ್ಥಮ್ಮ ಸಹಿ ಹಾಕಿದಳು. ಮುನಿಲಕ್ಷ್ಮಮ್ಮ ಹೆಬ್ಬೆಟ್ಟನ್ನು ಒತ್ತಿದಳು, ಬೇಕಾದ್ದಕ್ಕಿಂತ ಜೋರಾಗಿ. ಆಮೇಲೆ ನೀಲಿಯಾದ ಬೆರಳನ್ನು ನೋಡಿಕೊಂಡಳು. ತಾನು ಏನು ಕೊಟ್ಟುಬಿಟ್ಟೆ ಎಂಬುದು ಆಗ ತಿಳಿಯಿತು. ಕಾಗದವನ್ನು ಹಿಂದಕ್ಕೆ ಕೇಳಬಹುದಿತ್ತು. ಕೇಳಲಿಲ್ಲ. ಪ್ರಮೋದಾಳ ಪಕ್ಕದಲ್ಲಿ ಹಾದು ಒಳಗೆ ಹೋಗುವಾಗ ಮುಖ ನೋಡದೆ ಹೇಳಿದಳು:

“ತೋಟದ ಮೋಟ್ರು ಮನೇಲಿ ಬಚ್ಚಿಟ್ಟಿದೀಯಲ್ಲ ಬೂಟು, ಮನೇಗ್ ತಂದಿಡು. ಇಲಿ ಕಡೀತವೆ.”

ಅಂದರೆ ಓಟದ ವಿಷಯ ಅತ್ತೆಗೆ ಮೊದಲಿನಿಂದಲೂ ಗೊತ್ತಿತ್ತು.

ಕೊನೆಯ ದಿನ ಮಧ್ಯಾಹ್ನ ತಹಶೀಲ್ದಾರರ ಸಹಿಯಾದ ಪತ್ರವನ್ನು ಹಿಡಿದು ಜಯಕುಮಾರ ತೋಟಕ್ಕೆ ಬಂದ. ಚಪ್ಪರದ ಕೆಳಗೆ ಅವನ ಎತ್ತರಕ್ಕೆ ನಿಲ್ಲಲಾಗದು. ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿ ನಿಂತ. ಅವಳು ಪತ್ರದ ಫೋಟೋ ತೆಗೆದು, ಅರ್ಜಿಗೆ ಸೇರಿಸಿ, ಕಳಿಸಿದಳು. ಫೋನಿನಲ್ಲಿ ಹಸಿರು ಗುರುತು ಬಂದಾಗ ಇಬ್ಬರೂ ಹಿಡಿದಿದ್ದ ಉಸಿರನ್ನು ಬಿಟ್ಟರು.

“ಆಯ್ಕೆ ಆದ್ರೆ ಟ್ರೈನಿಂಗ್ ಸುಮಾರು ಒಂದು ವರ್ಷ,” ಎಂದಳು. “ಮುಗಿಯೋ ತನಕ ಮದುವೆ ಆಗೋ ಹಾಗಿಲ್ಲ.”

“ಗೊತ್ತು. ನಿಬಂಧನೆ ಪೂರ್ತಿ ಓದ್ದೆ. ಎರಡು ಸಲ.”

“ಆಯ್ಕೆ ಆಗ್ದೇ ಇದ್ರೆ ಇಲ್ಲೇ ಹೀಗೇ ಬಗ್ಗಿಕೊಂಡು ಓಡ್ತಿರ್ತೀನಿ. ಆಗ ಮಾತ್ರ ಕೇಳ್ಬೇಡಿ ಸರ್.”

“ಯಾಕೆ?”

“ಬೇರೆ ದಾರಿ ಇಲ್ಲ ಅಂತ ಹೂಂ ಅಂದ್ಬಿಡ್ತೀನಿ. ನಿಮಗೆ ಅಂಥಾ ಹೂಂ ಕೊಡೋಕೆ ನನಗಿಷ್ಟ ಇಲ್ಲ.”

ಅವನು ಅವಳನ್ನೇ ನೋಡಿದ. ಎಲೆಗಳ ಸಂದಿಯ ಬಿಸಿಲು ಅವನ ರೆಪ್ಪೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಅವಳು ಈ ಸಲ ಕಣ್ಣು ಸರಿಸಲಿಲ್ಲ. ಪತ್ರವನ್ನು ಮಡಚುತ್ತಾ, ತೀರಾ ಸಾಮಾನ್ಯ ಸಂಗತಿಯಂತೆ ಹೇಳಿದಳು:

“ನೀವು ಇದರಲ್ಲಿ ಬರ್ದಿದ್ದೀರಲ್ಲ, ಅದನ್ನ ಸುಳ್ಳು ಮಾಡೋಕೆ ನನಗೆ ಟೈಮ್ ಬೇಕು.”

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಗಿದ್ದೇ ತಡ ನೆಟ್ಟಗಾಗಲು ಹೋಗಿ ಚಪ್ಪರದ ತಂತಿಗೆ ತಲೆ ಬಡಿಸಿಕೊಂಡ.

“ಎಷ್ಟು ಟೈಮ್?” ತಲೆ ಉಜ್ಜಿಕೊಳ್ಳುತ್ತಾ ಕೇಳಿದ.

“ಎರಡು ವರ್ಷ ಅಂತಿಟ್ಕೊಳಿ.”

“ಆವಾಗ ಮಹಜರಿಗೆ ಬೇರೆ ಹೋಬಳಿಯ ವಿಎ ಬರ್ಬೇಕಾಗುತ್ತೆ ಮೇಡಂ. ನಂದು ನಾನೇ ಬರ್ಕೊಂಡ್ರೆ ರೂಲ್ಸ್ ಒಪ್ಪಲ್ಲ.”

ಅವಳು ನಕ್ಕಳು. ಜೋರಾಗಿಯೇ. ತನ್ನ ನಗು ತನಗೇ ಅಪರಿಚಿತವಾಗಿ ಕೇಳಿಸಿತು. ತಿರುಗಿ ನೋಡುವವರು ಅಲ್ಲಿ ಯಾರೂ ಇರಲಿಲ್ಲ.

ಬಗ್ಗಿ ಬೂಟಿನ ದಾರ ಬಿಗಿದಳು. ಬೆಳಗ್ಗೆ ನೋಡಿದಾಗ, ಅವಳು ತರುವ ಮೊದಲೇ, ಬೂಟು ಬಾಗಿಲ ಬಳಿಯ ಆ ಖಾಲಿ ಜಾಗದಲ್ಲಿತ್ತು. ಮಣ್ಣು ಒರೆಸಿತ್ತು. ಹಿಮ್ಮಡಿಯ ಹತ್ತಿರ ನೀಲಿ ಹೆಬ್ಬೆರಳಿನ ಒಂದು ಮಾಸಲು ಗುರುತು.

“ವಾಚ್ ನೋಡ್ಕೊಳಿ ಸರ್. ಟೆಸ್ಟಿನ ಲೆಕ್ಕ, ಹದಿಮೂರು ನಿಮಿಷದೊಳಗೆ ಓಡಿ ವಾಪಸ್ ಬರ್ಬೇಕು.”

“ಎಲ್ಲಿಂದ?”

“ಕೆರೆ ಏರಿಯಿಂದ.”

“ಊರೆಲ್ಲಾ ನೋಡುತ್ತೆ.”

“ಹೂಂ,” ಎಂದಳು ಪ್ರಮೋದಾ. ಚಪ್ಪರದ ಅಂಚಿನವರೆಗೆ ತಲೆ ಬಗ್ಗಿಸಿ ಹೋದಳು. ಆಮೇಲೆ ಎತ್ತಿದಳು.